ಭೂಗೋಳ, ಮಾನವಶಾಸ್ತ್ರ ಓದಿದರೆ ಏನು ಸಿಗುತ್ತದೆ? ಗಡಿ ಊರಿನ ವಿದ್ಯಾರ್ಥಿಗಳಿಗೆ

ಬಿ.ಎ. ಫಲಿತಾಂಶ ಬಂದ ವಾರ ಅಕ್ಕಲಕೋಟೆ ಬಸ್ ನಿಲ್ದಾಣದಲ್ಲಿ ಪರಿಚಯದ ರೈತರೊಬ್ಬರು ಸಿಕ್ಕರು. "ಸರ, ನಮ್ಮ ಹುಡುಗ ಧಾರವಾಡಕ್ಕ ಹೋಗಿ ಭೂಗೋಳ ಇಲ್ಲಾ ಅದೇನೋ ಮಾನವಶಾಸ್ತ್ರ ಓದ್ತೀನಿ ಅಂತಾನ್ರಿ. ನಕಾಶೆ ನೋಡ್ಕೋತ ಕೂತ್ರ ಹೊಟ್ಟಿ ತುಂಬತೈತೇನ್ರಿ?" ಎಂದು ಕೇಳಿದರು. ಬಸ್ಸು ಬಂದಿತು, ಪೂರ್ತಿ ಉತ್ತರ ಹೇಳಲಾಗಲಿಲ್ಲ. ಇದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ನಾವು ಕಲಿತ ಭೂಗೋಳವೆಂದರೆ ರಾಜಧಾನಿಗಳ ಹೆಸರು, ನದಿಗಳ ಉದ್ದ. ವಿಶ್ವವಿದ್ಯಾಲಯದ ವಿಭಾಗದಲ್ಲಿ ಹಾಗಿಲ್ಲ. ಮೊದಲ ವರ್ಷವೇ ಕೈಗೆ ಸರ್ವೇ ಆಫ್ ಇಂಡಿಯಾದ ಸ್ಥಳನಕಾಶೆ ಕೊಡುತ್ತಾರೆ. ಅದರಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಕಂದು ಗೆರೆ ಎತ್ತರ ತಗ್ಗನ್ನು ತೋರಿಸುತ್ತದೆ, ನೀಲಿ ಬಣ್ಣ ನೀರನ್ನು. ವರ್ಷದ ಬಹುಪಾಲು ಒಣಗಿರುವ ಹಳ್ಳವನ್ನು ಮಾತ್ರ ಕಪ್ಪು ಗೆರೆಯಲ್ಲಿ ಬರೆದಿರುತ್ತಾರೆ. ನಮ್ಮ ತಾಲೂಕುಗಳ ಹಾಳೆ ಬಿಡಿಸಿದರೆ ಕಪ್ಪು ಗೆರೆಗಳೇ ಹೆಚ್ಚು. ಏಕೆ ಎಂದು ಕೇಳುವಲ್ಲಿ ಪಾಠ ಶುರುವಾಗುತ್ತದೆ. ಅರಬ್ಬೀ ಸಮುದ್ರದ ಮೋಡ ಸಹ್ಯಾದ್ರಿಯ ಪಶ್ಚಿಮಕ್ಕೇ ಬಹಳಷ್ಟು ಸುರಿದು ಬಿಡುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ. ಮೀರಿ ಮಳೆಯಾದರೆ ಸೋಲಾಪುರ ಕಡೆ ಅದರ ಐದನೇ ಒಂದು ಪಾಲೂ ಇಲ್ಲ. ಆದರೆ ಕರಿ ಎರೆಮಣ್ಣು ತೇವ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ನಾವು ಮಳೆಗಾಲದ ಕೊನೆಗೆ ಬಿಳಿಜೋಳ ಬಿತ್ತುತ್ತೇವೆ, ಚಳಿಗಾಲದಲ್ಲಿ ಅದು ನೆಲದ ತೇವದ ಮೇಲೆಯೇ ಬೆಳೆಯುತ್ತದೆ. ಮಾಲದಂಡಿ ಜೋಳ ನಮ್ಮಲ್ಲೂ ಉಂಟು, ಭೀಮೆ ದಾಟಿದರೆ ವಿಜಯಪುರ ಕಡೆಯೂ ಉಂಟು. ಮಣ್ಣಿಗೆ 1956ರ ರಾಜ್ಯ ವಿಂಗಡಣೆ ಗೊತ್ತಿಲ್ಲ.

ಈಗ ಇದೆಲ್ಲ ಉಪಗ್ರಹ ಚಿತ್ರ ಮತ್ತು ಜಿ.ಐ.ಎಸ್. ತಂತ್ರಾಂಶದ ಮೇಲೆ ನಡೆಯುತ್ತದೆ. ಉದ್ಯೋಗದ ದೃಷ್ಟಿಯಿಂದ ಈ ಭಾಗವನ್ನು ಗಟ್ಟಿಯಾಗಿ ಕಲಿಯಬೇಕು.

ಇನ್ನು ಮಾನವಶಾಸ್ತ್ರ. ಎಲುಬು ಅಳೆಯುವ ಶಾಸ್ತ್ರ ಎಂದು ನಮ್ಮ ಜನ ತಿಳಿದಿದ್ದಾರೆ. ಅದು ನಾಲ್ಕರಲ್ಲಿ ಒಂದು ಕವಲು ಅಷ್ಟೆ. ಇತಿಹಾಸಪೂರ್ವದ ಶೋಧ, ಭಾಷೆಯ ಅಧ್ಯಯನ, ಜನರ ಸಮಾಜ ಸಂಸ್ಕೃತಿಯ ಅಧ್ಯಯನ ಉಳಿದ ಮೂರು. ಕೊನೆಯದರಲ್ಲಿ ಮೊದಲು ಕಲಿಸುವುದು ವಂಶಾವಳಿ ಬರೆಯುವುದನ್ನು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಮದುವೆಗೆ ಎರಡು ಅಡ್ಡಗೆರೆ. ಈ ವಿಧಾನವನ್ನು ರೂಢಿಗೆ ತಂದ ಡಬ್ಲ್ಯು.ಎಚ್.ಆರ್. ರಿವರ್ಸ್ ಅದನ್ನು ನಮ್ಮ ಗಡಿಯ ಇನ್ನೊಂದು ತುದಿ ನೀಲಗಿರಿಯಲ್ಲಿ, ತೋಡರ ನಡುವೆ ಬಳಸಿದರು. ಅವರ ಪುಸ್ತಕ ಬಂದದ್ದು 1906ರಲ್ಲಿ.

ಈ ಎರಡು ಶಾಸ್ತ್ರಗಳು ಎಲ್ಲಿ ಕೂಡುತ್ತವೆ ಎಂಬುದಕ್ಕೆ ಪುಣೆಯ ಇರಾವತಿ ಕರ್ವೆ ಅವರ ಕೆಲಸ ನೋಡಬೇಕು. ಡೆಕ್ಕನ್ ಕಾಲೇಜಿನಲ್ಲಿ ದೀರ್ಘಕಾಲ ಕಲಿಸಿದ ಅವರು 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯ ಮೇಲೆ ಇಂಗ್ಲಿಷಿನಲ್ಲಿ ಗ್ರಂಥ ಪ್ರಕಟಿಸಿದರು. ಯಾರು ಯಾರನ್ನು ಮದುವೆಯಾಗಬಹುದು, ಯಾರನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿ ಕೇಳಿ ಅವರು ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ವಲಯ ಮಾಡಿದರು. ಮಹಾರಾಷ್ಟ್ರ ಮಧ್ಯ ವಲಯಕ್ಕೆ ಸೇರಿತು, ಕರ್ನಾಟಕ ದಕ್ಷಿಣ ವಲಯಕ್ಕೆ. ಅಂದರೆ ಅವರ ಗೆರೆ ಹಾದು ಹೋಗುವುದು ನಮ್ಮ ಅಂಗಳದಲ್ಲಿ!

ಓದುಗರು ತಮ್ಮ ಓಣಿಯನ್ನೇ ನೆನೆಸಿಕೊಳ್ಳಲಿ. ಕನ್ನಡ ಮನೆಗಳಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ಹಳೆಯ ರೂಢಿ, ಸೋದರಮಾವನದೇ ಮೊದಲ ಹಕ್ಕು ಎನ್ನುತ್ತಿದ್ದರು. ಪಕ್ಕದ ಮರಾಠಿ ಮನೆಯಲ್ಲಿ ಮಾಮನ ಮಗಳನ್ನು ತರಬಹುದು, ಆದರೆ ಭಾಚಿಯನ್ನು, ಅಂದರೆ ಅಕ್ಕತಂಗಿಯರ ಮಗಳನ್ನು, ಸಾಮಾನ್ಯವಾಗಿ ತರುವುದಿಲ್ಲ. ಕೇಳಿದರೆ ಮುಖ ಸಿಂಡರಿಸುತ್ತಾರೆ. ಮಾತಿನಲ್ಲೂ ಈ ಗೆರೆ ಕಾಣುತ್ತದೆ. ಕನ್ನಡದಲ್ಲಿ ತಾಯಿಯ ಅಣ್ಣನೂ ಮಾವ, ಹೆಂಡತಿಯ ಅಪ್ಪನೂ ಮಾವ. ಮರಾಠಿಯಲ್ಲಿ ಮಾಮಾ ಬೇರೆ, ಸಾಸರಾ ಬೇರೆ. ಜಾತಿಯಿಂದ ಜಾತಿಗೆ ಇದು ಬದಲಾಗುತ್ತದೆ ಎಂಬುದನ್ನು ಕರ್ವೆಯವರೂ ಬರೆದಿದ್ದಾರೆ. ಒಂದೇ ಊರಿನಲ್ಲಿ ಐವತ್ತು ವರ್ಷ ಬಾಳಿಯೂ ಈ ವ್ಯತ್ಯಾಸ ನನಗೆ ಹೊಳೆದದ್ದು ಅದನ್ನು ಓದಿದ ಮೇಲೆಯೇ. ಸೋದರಿಕೆಯ ಮದುವೆ ಈಗ ಕಡಿಮೆಯಾಗುತ್ತಿದೆ, ಹುಟ್ಟುವ ಮಕ್ಕಳ ಆರೋಗ್ಯದ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಹಳೆಯ ಲೆಕ್ಕ ಹೇಳಬಲ್ಲ ಅಜ್ಜಿಯರೂ ಹೋಗುತ್ತಿದ್ದಾರೆ, ಬರೆದುಕೊಂಡವರು ಕಡಿಮೆ.

ಬರೆದುಕೊಳ್ಳುವುದಕ್ಕೇ ಕ್ಷೇತ್ರಕಾರ್ಯ ಎನ್ನುತ್ತಾರೆ. ಎರಡೂ ವಿಭಾಗಗಳಲ್ಲಿ ಅದು ಪಾಠದ ಭಾಗ. ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳ್ಳಿಯೊಂದಕ್ಕೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಉಳಿದರು. ತಮ್ಮ ಬರಹಗಳಲ್ಲಿ ಅದನ್ನು ರಾಮಪುರ ಎಂದು ಕರೆದರು. ಆ ಟಿಪ್ಪಣಿಗಳನ್ನು ಸಂಸ್ಕರಿಸಿ ಸಿದ್ಧಪಡಿಸಿದ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು. ನೆನಪಿನ ಬಲದ ಮೇಲೆ ಅವರು ಬರೆದ ಪುಸ್ತಕ 1976ರಲ್ಲಿ ಬಂತು, ಇಂದಿಗೂ ವಿಭಾಗಗಳಲ್ಲಿ ಓದಿಸುತ್ತಾರೆ.

ಕೆಲ ವರ್ಷಗಳ ಹಿಂದೆ ನಗರದಿಂದ ಬಂದ ವಿದ್ಯಾರ್ಥಿಗಳ ತಂಡವೊಂದರ ಜೊತೆ ನಾನು ಎರಡು ದಿನ ತಿರುಗಿದ್ದೆ. ಒಂದು ಮನೆಯಲ್ಲಿ ಮುದುಕಿಯನ್ನು ಮರಾಠಿಯಲ್ಲಿ ಮನೆಯ ಜನ ಎಷ್ಟು ಎಂದು ಕೇಳಿದರು. ಆಕೆಯೂ ಮರಾಠಿಯಲ್ಲೇ ಹನ್ನೊಂದು ಎಂದಳು. ಹುಡುಗ 'ಒಂದು ಕುಟುಂಬ, ಹನ್ನೊಂದು ಜನ' ಎಂದು ಬರೆದುಕೊಂಡ. ನನಗೆ ಅನುಮಾನ ಬಂತು. "ಆಯಿ, ಒಲಿ ಎಷ್ಟ ಅದಾವ?" ಎಂದೆ. "ಮೂರ ಅದಾವ ತಮ್ಮಾ. ಹೋದ ದೀಪಾವಳಿಗೆ ಬ್ಯಾರೆ ಆದ್ರು" ಎಂದು ಕಣ್ಣೊರೆಸಿಕೊಂಡಳು. ಜನಗಣತಿಯ ಲೆಕ್ಕದಲ್ಲೂ ಒಂದೇ ಅಡುಗೆಮನೆಯಲ್ಲಿ ಉಣ್ಣುವವರದು ಒಂದು ಕುಟುಂಬ. ಅಲ್ಲಿದ್ದದ್ದು ಮೂರು. ಹುಡುಗನ ಮರಾಠಿಯಲ್ಲಿ ತಪ್ಪಿರಲಿಲ್ಲ, ಆಕೆಯದರಲ್ಲೂ ಇರಲಿಲ್ಲ. ಮನೆ ಒಡೆದ ಸಂಗತಿ ಮಾತ್ರ ಆಕೆಯ ಬಾಯಿಂದ ಕನ್ನಡದಲ್ಲಿ ಬರಬೇಕಿತ್ತು. (ಹೊಲ ಎಷ್ಟು ಎಂದಾಗ ಎಲ್ಲರೂ ಕಡಿಮೆಯೇ ಹೇಳಿದರು. ಸರಕಾರದವರು ಬಂದಾರ, ಏನರ ಕೊಡ್ತಾರ ಎಂಬ ಆಸೆ. ಅದನ್ನು ತಿಳಿಯುವುದೂ ಕ್ಷೇತ್ರಕಾರ್ಯವೇ.)

ಎರಡು ಭಾಷೆ ನಮ್ಮ ಮಕ್ಕಳಿಗೆ ಪರೀಕ್ಷೆಯಲ್ಲಿ ಹೊರೆಯಾಗಿದೆ, ನಿಜ. ಈ ಕೆಲಸದಲ್ಲಿ ಅದೇ ಬಂಡವಾಳ. ಜನಗಣತಿಯಲ್ಲಿ ಮಾತೃಭಾಷೆಗೆ ಒಂದೇ ಉತ್ತರ, ಬಲ್ಲ ಇತರ ಭಾಷೆಗಳಿಗೆ ಎರಡರವರೆಗೆ ಜಾಗ. ಭಾಷೆಯ ನಕಾಶೆಯಲ್ಲಿ ಬಣ್ಣ ಬಳಿಯುವಾಗ ಸಾಮಾನ್ಯವಾಗಿ ಮೊದಲನೆಯದನ್ನೇ ಹಿಡಿಯುತ್ತಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಊರಿಗೆ ಯಾವ ಬಣ್ಣ? ಇದನ್ನು ಹೊರಗಿನವರು ಬಂದು ಬಿಡಿಸಲಿ ಎಂದು ಕಾಯಬೇಕಿಲ್ಲ.

ಹೊಟ್ಟೆಯ ಪ್ರಶ್ನೆಗೆ ಬರುತ್ತೇನೆ. ಪದವಿ ಮುಗಿದೊಡನೆ ನೌಕರಿ ಕಾದಿರುತ್ತದೆ ಎಂದು ನಾನು ಹೇಳಲಾರೆ. ಶಿಕ್ಷಕ ವೃತ್ತಿ, ಜಿ.ಐ.ಎಸ್. ಕಂಪನಿಗಳು, ಸಮೀಕ್ಷೆ ನಡೆಸುವ ಸಂಸ್ಥೆಗಳು, ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆ ಇವೆ. ಅದರ ದಕ್ಷಿಣ ವಲಯದ ಕಚೇರಿ ಮೈಸೂರಿನಲ್ಲಿದೆ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಭೂಗೋಳವನ್ನೂ ಮಾನವಶಾಸ್ತ್ರವನ್ನೂ ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು.

ನಮಗೆ ಹತ್ತಿರವೆಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯ. ಎರಡರಲ್ಲೂ ಎರಡೂ ವಿಭಾಗಗಳಿವೆ. ಯಾವ ಪದವಿಯವರಿಗೆ ಪ್ರವೇಶ, ಹೊರ ರಾಜ್ಯದವರಿಗೆ ಎಷ್ಟು ಸೀಟು, ಎಷ್ಟು ಶುಲ್ಕ ಎಂಬುದನ್ನು ಆಯಾ ವರ್ಷದ ಪ್ರಕಟಣೆ ನೋಡಿಯೇ ಖಚಿತ ಮಾಡಿಕೊಳ್ಳಬೇಕು. ವಿಶ್ವವಿದ್ಯಾಲಯ ಬದಲಿಸುವವರು ಹಳೆಯದರಿಂದ ಮೈಗ್ರೇಶನ್ ಪ್ರಮಾಣಪತ್ರ ಪಡೆಯಬೇಕು. ಅದಕ್ಕೆ ಮೊದಲೇ ಅರ್ಜಿ ಹಾಕಿಡಿ, ಕೊನೆಯ ವಾರ ಓಡಾಡಿದರೆ ಕೈಗೆ ಸಿಗುವುದಿಲ್ಲ.