ಯುದ್ಧಕಾಲದಲ್ಲಿ ಸಂಸತ್ತಿನ ಗ್ರಂಥಾಲಯದ ಕಾರ್ಯ: ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಸಾರ್ವಜನಿಕರಿಗೆ ಇನಾಂ ಮತ್ತು ಗೇಣಿ ಜಮೀನು, ಸ್ವಾತಂತ್ರ್ಯ ಹೋರಾಟಗಾರರ ಕುಟುಂಬ ಪಿಂಚಣಿ, ಗ್ರಾಮ ಚರಿತ್ರೆ ಮುಂತಾದ ವಿಷಯಗಳಲ್ಲಿ 1947ರಿಂದ 1956ರವರೆಗಿನ ದಾಖಲೆಗಳು ಅವಶ್ಯವಾಗುವುದುಂಟು. ಯಾವ ಸಭೆಯ, ಯಾವ ವರ್ಷದ, ಯಾವ ಕಾಗದ ಬೇಕೆಂಬುದು ಅರ್ಜಿಯಲ್ಲಿ ಸ್ಪಷ್ಟವಿಲ್ಲದಿದ್ದಲ್ಲಿ ಅದು ಕಛೇರಿಯಿಂದ ಕಛೇರಿಗೆ ಅಲೆದು ಕೊನೆಗೆ ಹಿಂದಿರುಗುತ್ತದೆ. ಯುದ್ಧ ಅಥವಾ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸಂಸತ್ತಿನ ಗ್ರಂಥಾಲಯವು ಯಾವುದನ್ನು ಕಾಪಾಡುತ್ತದೆ, ಯಾವುದು ಅಲ್ಲಿಗೆ ಬರುವುದೇ ಇಲ್ಲ ಎಂಬುದನ್ನು ತಿಳಿದಿದ್ದಲ್ಲಿ ಈ ಅಲೆದಾಟವನ್ನು ತಪ್ಪಿಸಬಹುದಾಗಿದೆ. ಆ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ.

ಗ್ರಂಥಾಲಯದ ಹಿನ್ನೆಲೆ

ಸಂಸತ್ತಿನ ಗ್ರಂಥಾಲಯವು ಅಂದಿನ ಕೇಂದ್ರ ಶಾಸನಸಭೆಯ ಸದಸ್ಯರ ಉಪಯೋಗಕ್ಕಾಗಿ 1921ರಲ್ಲಿ ಸ್ಥಾಪಿತವಾಯಿತು. ಹಳೆಯ ಸಂಸತ್ ಭವನದ ನಡುವಿನ ವೃತ್ತಾಕಾರದ ಸೆಂಟ್ರಲ್ ಹಾಲ್ ಮೂಲತಃ ಇದೇ ಗ್ರಂಥಾಲಯದ ಸ್ಥಳವಾಗಿತ್ತು. 1946ರಲ್ಲಿ ಸಂವಿಧಾನ ರಚನಾ ಸಭೆ ಸೇರಬೇಕಾದಾಗ ಅದನ್ನು ಸಭಾಂಗಣವನ್ನಾಗಿ ಪರಿವರ್ತಿಸಲಾಯಿತು. 2002ರ ಮೇ 7ರಂದು ಉದ್ಘಾಟನೆಗೊಂಡ ಪ್ರತ್ಯೇಕ ಕಟ್ಟಡದಲ್ಲಿ ಗ್ರಂಥಾಲಯವು ಈಗ ಕಾರ್ಯನಿರ್ವಹಿಸುತ್ತಿದೆ.

ಸದನದ ನಡವಳಿಗಳ ಸಂಪುಟಗಳನ್ನು ಸಂರಕ್ಷಿಸುವುದು, ಸರ್ಕಾರವು ಸದನದಲ್ಲಿ ಮಂಡಿಸಿದ ಕಾಗದಪತ್ರಗಳನ್ನು ಇಟ್ಟುಕೊಳ್ಳುವುದು ಹಾಗೂ ಸದಸ್ಯರು ಕೇಳಿದ ಒಪ್ಪಂದ, ಕಾಯಿದೆ, ಅಂಕಿಅಂಶಗಳನ್ನು ಒದಗಿಸುವುದು ಇದರ ಮುಖ್ಯ ಕಾರ್ಯಗಳಾಗಿವೆ. ಯುದ್ಧಕಾಲದಲ್ಲಿಯೂ ಕಾರ್ಯದ ಸ್ವರೂಪ ಇದೇ ಆಗಿರುತ್ತದೆ. ಆದರೆ ಆ ಕಾಲದಲ್ಲಿ ಸರ್ಕಾರವು ಅಸಾಧಾರಣ ಅಧಿಕಾರಗಳನ್ನು ಪಡೆಯುವುದರಿಂದ, ಯಾವ ದಿನ ಯಾವ ಆಧಾರದ ಮೇಲೆ ಏನನ್ನು ತೀರ್ಮಾನಿಸಲಾಯಿತು ಎಂಬ ಬರಹಕ್ಕೆ ಹೆಚ್ಚಿನ ಮಹತ್ವ ಬರುತ್ತದೆ.

1962ರ ಉದಾಹರಣೆ

ಚೀನಾದೊಡನೆ ನಡೆದ ಯುದ್ಧದ ಸಂಬಂಧ 1962ರ ಅಕ್ಟೋಬರ್ 26ರಂದು ತುರ್ತು ಪರಿಸ್ಥಿತಿಯನ್ನು ಘೋಷಿಸಲಾಯಿತು. ಸಂವಿಧಾನದ 352ನೇ ಅನುಚ್ಛೇದದ ಪ್ರಕಾರ ಇಂತಹ ಘೋಷಣೆಯನ್ನು ಸಂಸತ್ತಿನ ಮುಂದೆ ಇಡತಕ್ಕದ್ದಾಗಿದೆ. ಅದರಂತೆ ನವೆಂಬರ್ 8ರಿಂದ 14ರವರೆಗೆ ಲೋಕಸಭೆಯಲ್ಲಿ ಚರ್ಚೆ ನಡೆಯಿತು. ರಹಸ್ಯ ಅಧಿವೇಶನ ನಡೆಸಬೇಕೆಂದು ಸದಸ್ಯರೊಬ್ಬರು ಕೋರಿದಾಗ ಪ್ರಧಾನಿ ಜವಾಹರಲಾಲ್ ನೆಹರೂ ಒಪ್ಪಲಿಲ್ಲ. ರಹಸ್ಯ ಅಧಿವೇಶನದ ವರದಿಯನ್ನು ಸಭಾಧ್ಯಕ್ಷರು ನಿರ್ದೇಶಿಸಿದ ರೀತಿಯಲ್ಲಿ ಮಾತ್ರ ಪ್ರಕಟಿಸಲು ಅವಕಾಶವಿರುತ್ತದೆ. ಅಂದು ಸಭೆ ಬಹಿರಂಗವಾಗಿಯೇ ನಡೆದುದರಿಂದ, ಗಡಿಯಲ್ಲಿ ಹೋರಾಟ ನಡೆದಿರುವಾಗಲೇ ಆಡಿದ ಟೀಕೆಯ ಮಾತುಗಳು ಗ್ರಂಥಾಲಯದಲ್ಲಿ ಉಳಿದಿದ್ದು, ಇಂದು ಯಾವುದೇ ನಾಗರಿಕರು ಓದಬಹುದಾಗಿದೆ.

ಯುದ್ಧಕಾಲದ ಶಾಸನಗಳು ದೂರದ ತಾಲ್ಲೂಕುಗಳನ್ನೂ ಮುಟ್ಟುತ್ತವೆ. ಭಾರತ ರಕ್ಷಣಾ ನಿಯಮಗಳಡಿ 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ಟಿಗಿಂತ ಹೆಚ್ಚಿನ ಶುದ್ಧತೆಯ ಆಭರಣ ತಯಾರಿಕೆಯನ್ನು ನಿಷೇಧಿಸಿದವು. ಇದರಿಂದ ದೇಶದಾದ್ಯಂತ ಅಕ್ಕಸಾಲಿಗರು ಕಸುಬು ಕಳೆದುಕೊಂಡರು. ಇಂತಹ ನಿಯಮದ ಕಾರಣವನ್ನೂ ಅದರ ವಿರುದ್ಧದ ವಾದವನ್ನೂ ತಿಳಿಯಲು ನಡವಳಿ ಸಂಪುಟಗಳೇ ಆಧಾರವಾಗಿವೆ.

1948ರ ಸೆಪ್ಟೆಂಬರ್ ಮತ್ತು ಈ ಮೂರು ತಾಲ್ಲೂಕುಗಳು

ಆಗ ಈ ಮೂರೂ ತಾಲ್ಲೂಕುಗಳು ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದು, ಸಂಸ್ಥಾನದ ಪಶ್ಚಿಮ ಅಂಚಿನಲ್ಲಿದ್ದವು. ಭಾರತದ ಸೇನೆ 1948ರ ಸೆಪ್ಟೆಂಬರ್ 13ರಂದು ಸಂಸ್ಥಾನವನ್ನು ಪ್ರವೇಶಿಸಿತು. 18ರಂದು ನಿಜಾಮರ ಸೇನೆ ಶರಣಾಯಿತು. ಅಧಿಕೃತವಾಗಿ ಇದನ್ನು ಪೊಲೀಸ್ ಕಾರ್ಯಾಚರಣೆ ಎಂದು ಕರೆಯಲಾಗಿದೆ.

ಆ ವರ್ಷ ಕೇಂದ್ರದ ಶಾಸನಕಾರ್ಯವನ್ನು ಸಂವಿಧಾನ ರಚನಾ ಸಭೆಯೇ ನಿರ್ವಹಿಸುತ್ತಿತ್ತು. 1947ರ ನವೆಂಬರ್ 17ರಿಂದ ಅದು ಶಾಸನಸಭೆಯಾಗಿ ಬೇರೆಯೇ ಸೇರುತ್ತಿದ್ದು, ಜಿ.ವಿ. ಮಾವಳಂಕರ್ ಅದರ ಸಭಾಧ್ಯಕ್ಷರಾಗಿದ್ದರು. ಹೈದರಾಬಾದ್ ಕುರಿತು ನೆಹರೂ ಅವರು 1948ರ ಸೆಪ್ಟೆಂಬರ್ 7ರಂದು ನೀಡಿದ ಹೇಳಿಕೆ ಈ ಶಾಸನಸಭೆಯ ನಡವಳಿಯಲ್ಲಿದೆ. ಸಂವಿಧಾನ ರಚನೆಯ ಚರ್ಚೆಗಳ ಸಂಪುಟಗಳಲ್ಲಿ ಅಲ್ಲ. ಎರಡೂ ಮಾಲೆಗಳ ಹೆಸರು ಹೆಚ್ಚುಕಡಿಮೆ ಒಂದೇ ಇರುವುದರಿಂದ ಅರ್ಜಿದಾರರು ಈ ವ್ಯತ್ಯಾಸವನ್ನು ಗಮನಿಸತಕ್ಕದ್ದು.

ಆ ಸಭೆಯಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ 16 ಸ್ಥಾನಗಳು ನಿಗದಿಯಾಗಿದ್ದರೂ ಅಂದು ಅವು ಖಾಲಿಯಿದ್ದವು. ಆದುದರಿಂದ ಈ ತಾಲ್ಲೂಕುಗಳ ಭವಿಷ್ಯದ ಮಾತು ನಡೆದಾಗ ಇಲ್ಲಿಯ ಪ್ರತಿನಿಧಿಯ ಧ್ವನಿ ನಡವಳಿಯಲ್ಲಿ ದೊರೆಯುವುದಿಲ್ಲ. 1952ರ ಚುನಾವಣೆಯಲ್ಲಿ ಗುಲ್ಬರ್ಗಾದಿಂದ ಸ್ವಾಮಿ ರಾಮಾನಂದ ತೀರ್ಥರು ಲೋಕಸಭೆಗೆ ಆಯ್ಕೆಯಾದ ನಂತರವೇ ಜನರು ಚುನಾಯಿಸಿದ ಪ್ರತಿನಿಧಿಯೊಬ್ಬರು ಅಲ್ಲಿ ಕುಳಿತರು.

ಗ್ರಂಥಾಲಯಕ್ಕೆ ಬಾರದ ಕಾಗದ

ಭಾರತ ಸರ್ಕಾರವು 1948ರಲ್ಲಿ ಹೈದರಾಬಾದ್ ಕುರಿತು ಹೊರಡಿಸಿದ ಶ್ವೇತಪತ್ರ ಮುದ್ರಿತವಾಗಿ ಪ್ರಕಟವಾಗಿದೆ. ಅದೇ ವರ್ಷದ ಕೊನೆಯಲ್ಲಿ ಪಂಡಿತ್ ಸುಂದರಲಾಲ್ ನೇತೃತ್ವದ ನಿಯೋಗವೊಂದು ಸಂಸ್ಥಾನದಲ್ಲಿ ಸಂಚರಿಸಿ, ಕಾರ್ಯಾಚರಣೆಯ ನಂತರದ ಹಿಂಸೆಯನ್ನು ಕುರಿತು ಸರ್ಕಾರಕ್ಕೆ ವರದಿ ನೀಡಿತು. ಹೆಚ್ಚು ಬಾಧಿತವಾದ ಜಿಲ್ಲೆಗಳಲ್ಲಿ ಗುಲ್ಬರ್ಗಾವೂ ಒಂದೆಂದು ಅದರಲ್ಲಿ ಹೇಳಲಾಗಿದೆ. ಈ ವರದಿ ಆಗ ಪ್ರಕಟವಾಗಲಿಲ್ಲ. ದಶಕಗಳ ನಂತರ ನವದೆಹಲಿಯ ತೀನ್ ಮೂರ್ತಿ ಆವರಣದ ಗ್ರಂಥಾಲಯದಲ್ಲಿ ಓದುಗರಿಗೆ ದೊರೆಯುವಂತಾಯಿತು.

ರಜಾಕಾರರ ಹಾವಳಿಯಲ್ಲಿ ನೊಂದ ಕುಟುಂಬಗಳೂ, ಅನಂತರದ ಹಿಂಸೆಯಲ್ಲಿ ತಮ್ಮವರನ್ನು ಕಳೆದುಕೊಂಡ ಮುಸ್ಲಿಂ ಕುಟುಂಬಗಳೂ ಈ ಜಿಲ್ಲೆಯಲ್ಲಿವೆ. ಸದನದಲ್ಲಿ ಮಂಡಿಸಿದ ಕಾಗದಕ್ಕೆ ಸಂಖ್ಯೆ, ದಿನಾಂಕ ಮತ್ತು ಇಡುವ ಸ್ಥಳ ಇರುತ್ತವೆ. ಮಂಡಿಸದ ಕಾಗದಕ್ಕೆ ಇವು ಯಾವುವೂ ಇರುವುದಿಲ್ಲ. ಆದಕಾರಣ ನಡವಳಿಯಲ್ಲಿ ಒಂದು ಘಟನೆಯ ಉಲ್ಲೇಖವಿಲ್ಲವೆಂದ ಮಾತ್ರಕ್ಕೆ ಆ ಘಟನೆ ನಡೆಯಲಿಲ್ಲವೆಂದು ಭಾವಿಸತಕ್ಕದ್ದಲ್ಲ.

ಯಾವ ಕಾಲದ ದಾಖಲೆ ಎಲ್ಲಿ

1. 1948ರ ಸೆಪ್ಟೆಂಬರ್‌ಗೆ ಮೊದಲು: ಸಂಸ್ಥಾನದ ಕಾನೂನು ಮತ್ತು ಆದೇಶಗಳು ಜರೀದಾ ಎಂಬ ಉರ್ದು ರಾಜ್ಯಪತ್ರದಲ್ಲಿ ಪ್ರಕಟವಾಗುತ್ತಿದ್ದವು.

2. 1948ರ ಸೆಪ್ಟೆಂಬರ್‌ನಿಂದ 1952ರ ಆರಂಭದವರೆಗೆ: ಹೈದರಾಬಾದಿನಲ್ಲಿ ಚುನಾಯಿತ ಸಭೆ ಇರಲಿಲ್ಲ. 1949ರ ಜಾಗೀರು ರದ್ದತಿ ವಿನಿಯಮ ಮತ್ತು 1950ರ ಹೈದರಾಬಾದ್ ಗೇಣಿ ಹಾಗೂ ಕೃಷಿ ಜಮೀನುಗಳ ಕಾಯಿದೆ ಈ ಅವಧಿಯವು. ಇವುಗಳ ಮೂಲ ಪಾಠಕ್ಕೆ ರಾಜ್ಯಪತ್ರವನ್ನು ನೋಡಬೇಕು. ಚುನಾಯಿತ ಸಭೆಯ ಚರ್ಚೆಯನ್ನು ಹುಡುಕುವುದು ವ್ಯರ್ಥ.

3. 1952ರಿಂದ 1956ರ ಅಕ್ಟೋಬರ್‌ವರೆಗೆ: ಹೈದರಾಬಾದ್ ವಿಧಾನಸಭೆಯ ನಡವಳಿಗಳು. ಇವುಗಳಿಗಾಗಿ ಮೊದಲು ಹೈದರಾಬಾದ್ ನಗರದಲ್ಲಿ ವಿಚಾರಿಸಬೇಕು.

4. 1956ರ ನವೆಂಬರ್ 1ರಿಂದ: ಗುಲ್ಬರ್ಗಾ ಜಿಲ್ಲೆ, ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳನ್ನು ಹೊರತುಪಡಿಸಿ, ಮೈಸೂರು ರಾಜ್ಯಕ್ಕೆ ಸೇರಿತು. ಅಂದಿನಿಂದ ನಡವಳಿಗಳು ಬೆಂಗಳೂರಿನ ವಿಧಾನಮಂಡಲಕ್ಕೆ ಸಂಬಂಧಿಸಿವೆ.

ಅರ್ಜಿದಾರರು ಅನುಸರಿಸಬೇಕಾದ ಕ್ರಮ

ಅ) ಹಳೆಯ ಕಾಗದದಲ್ಲಿ ಫಸಲಿ ವರ್ಷವಿದ್ದಲ್ಲಿ ಅದಕ್ಕೆ 590 ಕೂಡಿಸತಕ್ಕದ್ದು. ಆ ವರ್ಷ ಅಕ್ಟೋಬರ್‌ನಲ್ಲಿ ಆರಂಭವಾಗುತ್ತಿದ್ದುದರಿಂದ 1358 ಫಸಲಿ ಎಂದರೆ 1948-49 ಎಂದು ತಿಳಿಯಬೇಕು.

ಆ) ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಹಳೆಯ ಚರ್ಚೆಗಳನ್ನು ಅಂತರ್ಜಾಲದ ಮೂಲಕ ಉಚಿತವಾಗಿ ನೋಡಬಹುದು. ಕಲಬುರಗಿ ಎಂಬ ಹೆಸರು ಅಧಿಕೃತವಾದುದು 2014ರ ನವೆಂಬರ್ 1ರಂದು. ಆದುದರಿಂದ ಗುಲ್ಬರ್ಗಾ ಎಂದೇ ಹುಡುಕಬೇಕು. ಜೇವರ್ಗಿಯನ್ನು ಇಂಗ್ಲಿಷ್‌ನಲ್ಲಿ 'ವಿ' ಮತ್ತು 'ಡಬ್ಲ್ಯು' ಎರಡೂ ಅಕ್ಷರಗಳಿಂದ ಬರೆದು ನೋಡುವುದು ಒಳ್ಳೆಯದು.

ಇ) ಲೋಕಸಭೆಯ ನಡವಳಿಯಲ್ಲಿ ಮಂಡಿತ ಕಾಗದದ ಉಲ್ಲೇಖದ ಪಕ್ಕದಲ್ಲಿ, ಅದನ್ನು ಗ್ರಂಥಾಲಯದಲ್ಲಿ ಇಡಲಾಗಿದೆ ಎಂಬ ಟಿಪ್ಪಣಿಯೂ 'ಎಲ್.ಟಿ.' ಎಂದು ಆರಂಭವಾಗುವ ಸಂಖ್ಯೆಯೂ ಇರುತ್ತವೆ. ಅರ್ಜಿಯಲ್ಲಿ ಈ ಸಂಖ್ಯೆಯನ್ನು ನಮೂದಿಸಿದಲ್ಲಿ ಕಾಗದವನ್ನು ಗುರುತಿಸುವುದು ಸುಲಭವಾಗುತ್ತದೆ.

ಈ) ಕರ್ನಾಟಕದ ಸರ್ಕಾರಿ ಕಛೇರಿಯಲ್ಲಿರುವ ದಾಖಲೆಗೆ ಮಾಹಿತಿ ಹಕ್ಕು ಅಧಿನಿಯಮ 2005ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ರಾಜ್ಯದ ನಿಯಮಗಳ ಪ್ರಕಾರ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, 150 ಪದಗಳನ್ನು ಮೀರಬಾರದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದಾಗಿದೆ.

ಉ) ಶಾಸನಸಭೆಯ ನಡವಳಿಯನ್ನು ಅದರ ಮುದ್ರಿತ ಸಂಪುಟಗಳಿಂದ ರುಜುವಾತುಪಡಿಸಲು ಸಾಕ್ಷ್ಯ ಕಾನೂನಿನಲ್ಲಿ ಅವಕಾಶವಿದೆ. ಆದರೆ ಸದಸ್ಯರೊಬ್ಬರು ಸದನದಲ್ಲಿ ಒಂದು ಮಾತನ್ನು ಹೇಳಿದರು ಎಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ. ಆ ಮಾತು ಸತ್ಯವೆಂದು ಸಿದ್ಧವಾಗುವುದಿಲ್ಲ. ಜಮೀನಿನ ಹಕ್ಕಿಗೆ ಪಹಣಿ, ಇನಾಂ ಆದೇಶ ಮುಂತಾದ ಕಂದಾಯ ದಾಖಲೆಗಳನ್ನು ಹಾಜರುಪಡಿಸುವುದು ಅವಶ್ಯಕ.

ಸಾರ್ವಜನಿಕರು ಅರ್ಜಿ ಸಲ್ಲಿಸುವ ಮುನ್ನ ಸಭೆಯ ಹೆಸರು, ದಿನಾಂಕ ಮತ್ತು ಕಾಗದದ ಸಂಖ್ಯೆಯನ್ನು ಸಾಧ್ಯವಾದ ಮಟ್ಟಿಗೆ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.