ಹಾಸಿಗೆ ಹಿಡಿದ ಹಿರಿಯರು, ನೋಯುವ ಟೊಂಕ

ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರಿಗೆ ಬರುವ ಟೊಂಕ ನೋವು ಬಹುಮಟ್ಟಿಗೆ ದುಡಿಮೆಯ ನೋವು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಈ ದುಡಿಮೆ ನಡೆಯುವುದು ಹೆಚ್ಚಾಗಿ ಮನೆಯೊಳಗೆ. ಮಾಡುವವರು ಸೊಸೆ, ಮಗಳು ಇಲ್ಲವೆ ತಾನೂ ವಯಸ್ಸಾದ ಹೆಂಡತಿ. ಕೆಲಸಗಾರರಿಗೆ ಅಪಾಯವಾಗುವಷ್ಟು ಭಾರ ಎತ್ತಿಸಬಾರದೆಂದು 1948ರ ಕಾರ್ಖಾನೆಗಳ ಕಾಯ್ದೆಯ 34ನೇ ಕಲಂ ಹೇಳಿತ್ತು. ಮನೆಯ ಪಡಸಾಲೆಗೆ ಅಂಥ ಕಲಂ ಇಲ್ಲ. ಹಾಗಾಗಿ ನೋವನ್ನು ವಯಸ್ಸಿಗೋ ವಾಯುವಿಗೋ ಹಚ್ಚಿ ಸುಮ್ಮನಾಗುವುದೇ ರೂಢಿ.

ಬಗ್ಗಿ ಎತ್ತುವಾಗ ಹೆಚ್ಚಿನ ಒತ್ತಡ ಬೀಳುವುದು ಬೆನ್ನುಮೂಳೆಯ ತಳದ ಡಿಸ್ಕ್‌ಗಳ ಮೇಲೆ. ಬೆನ್ನಿನ ಸ್ನಾಯುಗಳು ಮೂಳೆಯ ಮಧ್ಯದಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಎಳೆಯುತ್ತವೆ. ಕೈಚಾಚಿ ಹಿಡಿದ ಭಾರ 40–50 ಸೆಂಟಿಮೀಟರ್ ಆಚೆ ಇರುತ್ತದೆ. ಅದನ್ನು ಸರಿದೂಗಿಸಲು ಸ್ನಾಯುಗಳು ಭಾರದ ಎಂಟು-ಹತ್ತು ಪಟ್ಟು ಬಲ ಹಾಕಬೇಕು. ಬಗ್ಗಿದ ಮೈಯ ಸ್ವಂತ ತೂಕ ಬೇರೆ. ಅದೇ ಹೊತ್ತಿಗೆ ನಡ ಹೊರಳಿತೆಂದರೆ ಹಾನಿ ಇನ್ನೂ ಸುಲಭ. ರೋಗಿಯನ್ನು ಎತ್ತುವಾಗ ಒಬ್ಬರ ಪಾಲಿಗೆ 35 ಪೌಂಡ್, ಅಂದರೆ ಸುಮಾರು 16 ಕಿಲೋ ಮೀರಬಾರದೆಂದು ಅಮೆರಿಕದ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ ಲೆಕ್ಕ ಹಾಕಿದರು. 50 ಕಿಲೋ ತೂಗುವ ಅಜ್ಜನ ಎರಡು ಕಾಲುಗಳೇ ಹೆಚ್ಚುಕಡಿಮೆ ಅಷ್ಟಾಗುತ್ತವೆ. ಕಾಳಿನ ಚೀಲ ಹೊರುವ ಹಮಾಲನಿಗೆ ಭಾರ ಅಲುಗದೆ ಕೂಡುತ್ತದೆ. ಬೀಳುವ ಭಯಕ್ಕೆ ಕೊರಳಿಗೆ ಜೋತುಬಿದ್ದ ಅಜ್ಜಿಯ ಭಾರ ಎತ್ತ ವಾಲುತ್ತದೆಂದು ಹೇಳಲಾಗದು.

ಮನೆಯ ರಚನೆಯೂ ಕಷ್ಟ ಹೆಚ್ಚಿಸುತ್ತದೆ. ನೆಲದ ಹಾಸಿಗೆ, ಮೊಣಕಾಲಿಗೂ ಬಾರದ ಹೊರಸು, ಎತ್ತರದ ಹೊಸ್ತಿಲು, ಇಬ್ಬರು ನಿಲ್ಲಲಾಗದ ಬಚ್ಚಲು, ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ. ಬಟ್ಟೆ ಬದಲಿಸಲು, ಮೈ ಒರೆಸಲು, ಮಗ್ಗುಲು ತಿರುಗಿಸಲು ದಿನಕ್ಕೆ ಹತ್ತಾರು ಸಲ ಬಗ್ಗಬೇಕು. ಇದೇ ನಡ ಉಳ್ಳಾಗಡ್ಡಿ, ಹೆಸರಿನ ಹೊಲದಲ್ಲಿ ಕಳೆ ತೆಗೆದು ಬಂದಿರುತ್ತದೆ. ಬೆಟಗೇರಿಯ ನೇಕಾರರ ಮನೆಯಲ್ಲಾದರೆ ಮಗ್ಗದ ಮುಂದೆ ಕೂತು ಎದ್ದಿರುತ್ತದೆ. ರಾತ್ರಿಯ ನಿದ್ದೆಯೂ ಅರ್ಧ.

‘ಬೆನ್ನು ನೆಟ್ಟಗಿಟ್ಟು ಎತ್ತಿರಿ’ ಎಂಬ ಬುದ್ಧಿಮಾತು ಒಂದೇ ಸಾಲದು. ಎತ್ತುವ ವಿಧಾನದ ತರಬೇತಿಯೊಂದರಿಂದಲೇ ಬೆನ್ನುನೋವು ತಪ್ಪುತ್ತದೆ ಎನ್ನುವುದಕ್ಕೆ ಅಧ್ಯಯನಗಳಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ. ಎತ್ತುವ ಪ್ರಸಂಗವನ್ನೇ ಕಡಿಮೆ ಮಾಡಬೇಕು. ಮಂಚದ ಕಾಲುಗಳಡಿ ಗಟ್ಟಿ, ಜಾರದ ಮರದ ತುಂಡುಗಳನ್ನಿಟ್ಟರೆ ಆರೈಕೆಯ ಹೊತ್ತಿನಲ್ಲಿ ಬಗ್ಗುವುದು ತಗ್ಗುತ್ತದೆ; ಹಿರಿಯರು ತಾವೇ ಎದ್ದಿಳಿಯುವಂತಿದ್ದರೆ ಅವರ ಪಾದ ನೆಲ ಮುಟ್ಟುವಷ್ಟೇ ಎತ್ತರ ಇರಬೇಕು. ಮೇಲಕ್ಕೆ ಸರಿಸಲು ರಟ್ಟೆ ಹಿಡಿದು ಎಳೆಯುವ ಬದಲು, ಮಡಿಸಿದ ಚಾದರವನ್ನು ಬೆನ್ನಿನಿಂದ ತೊಡೆಯವರೆಗೆ ಹಾಸಿ, ಆಚೀಚೆ ಇಬ್ಬರು ನಿಂತು, ಅಂಚು ಸುತ್ತಿ ಹಿಡಿದು ಒಟ್ಟಿಗೆ ಜಾರಿಸಬೇಕು. ಹಿರಿಯರ ಮೊಣಕಾಲು ಮಡಚಿಸಿ, ಪಾದ ಊರಿ ಒತ್ತಲು ಹೇಳಿದರೆ ಅರ್ಧ ಕೆಲಸ ಅವರೇ ಮಾಡುತ್ತಾರೆ. ಕಮೋಡ್ ಕುರ್ಚಿ ಮಂಚದ ಪಕ್ಕಕ್ಕೆ ಬಂದರೆ ಬಚ್ಚಲಿನವರೆಗೆ ಹೊರುವುದು ತಪ್ಪುತ್ತದೆ. ಇಷ್ಟಕ್ಕೂ ಎರಡನೆಯ ಜೋಡಿ ಕೈ ಬೇಕು. ಮನೆಯ ಗಂಡಸರು ಇದನ್ನು ತಮ್ಮ ಕೆಲಸವೆಂದು ತಿಳಿಯದಿದ್ದರೆ ಯಾವ ಸಲಕರಣೆಯೂ ಪೂರ್ತಿ ನೆರವಾಗದು.

ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ ವಾಕರ್, ಗಾಲಿಕುರ್ಚಿ ಮುಂತಾದವನ್ನು ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಹಿರಿಯ ನಾಗರಿಕರ ಸಹಾಯವಾಣಿ 14567.

ನೋವು ಬಂದಾಗ ದಿನಗಟ್ಟಲೆ ಮಲಗಬಾರದು. ಭಾರ ಬಿಟ್ಟು, ತಾಳುವಷ್ಟು ಓಡಾಡುತ್ತಿದ್ದರೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಸೊಂಟದ ಪಟ್ಟಿ ಕಟ್ಟಿಕೊಂಡು ಮೊದಲಿನಂತೆಯೇ ಎತ್ತುವುದು ಪರಿಹಾರವಲ್ಲ. ನೋವು ಕಾಲಿಗಿಳಿದು ಜೋಮು ಹಿಡಿದರೆ, ಜ್ವರ ಜತೆಗಿದ್ದರೆ ವೈದ್ಯರಿಗೆ ತೋರಿಸಬೇಕು. ಕಾಲಿನ ಬಲ ಕುಂದಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಅದೇ ದಿನ ಜಿಲ್ಲಾ ಮಟ್ಟದ ಆಸ್ಪತ್ರೆ ಸೇರಬೇಕು. ಅಲ್ಲಿಗೆ ಹೋಗುವ ದಿನ ಅಜ್ಜಿಯನ್ನು ನೋಡುವವರು ಯಾರೆಂಬುದನ್ನು ಮನೆಯವರು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಎಷ್ಟೋ ಸೊಸೆಯಂದಿರ ಚಿಕಿತ್ಸೆ ತಡವಾಗುವುದು ಅಲ್ಲಿಯೇ.