ಚೆಕ್ ಮೇಲಿನ ಅಂಕಿ ಓದಿದ ಯಂತ್ರ

ಅಮೆರಿಕದ ಒಂದು ಚೆಕ್. ಬಲಗಡೆಯ ಪುಟ್ಟ ಚೌಕದಲ್ಲಿ ಅವಸರದಲ್ಲಿ ಗೀಚಿದ 350. ಐದರ ಬಾಲ ಸೊನ್ನೆಗೆ ಅಂಟಿಕೊಂಡಿದೆ. ಇಂಥದ್ದನ್ನು ಬ್ಯಾಂಕಿನವರು ದಿನವಿಡೀ ಕಣ್ಣಿಟ್ಟು ಓದಿ, ಟೈಪ್ ಮಾಡಬೇಕಿತ್ತು.

1990ರ ದಶಕದಲ್ಲಿ ಬೆಲ್ ಲ್ಯಾಬ್ಸ್ ಸಂಶೋಧನಾ ಸಂಸ್ಥೆಯ ಯಾನ್ ಲೆಕುನ್ ಮತ್ತು ಸಂಗಡಿಗರು ಈ ಕೆಲಸವನ್ನು ಲೆನೆಟ್ ಎಂಬ ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸಿದರು. ಏಳು ಹೀಗಿರುತ್ತದೆ, ಒಂಬತ್ತು ಹಾಗಿರುತ್ತದೆ ಅಂತ ನಿಯಮ ಬರೆದುಕೊಡಲಿಲ್ಲ. ಸಾವಿರ ಸಾವಿರ ಅಂಕಿಗಳ ಚಿತ್ರ ತೋರಿಸಿದರು. ತಪ್ಪಿದಾಗಲೆಲ್ಲ ಒಳಗಿನ ಲೆಕ್ಕ ಚೂರುಚೂರೇ ತಿದ್ದಿಕೊಳ್ಳುತ್ತಿತ್ತು. ಗೆರೆ, ತಿರುವು, ತುದಿ ಗುರುತಿಸುವುದನ್ನು ಅದು ತಾನೇ ಕಲಿಯಿತು.

ನನಗೆ ತುಂಬಾ ಹಿಡಿಸಿದ್ದು ಆ ಅಂಟಿದ ಅಂಕಿಗಳ ಉಪಾಯ. ಎಲ್ಲಿ ಕತ್ತರಿಸಬೇಕು? ಮೊದಲೇ ತೀರ್ಮಾನಿಸಿದರೆ ಕೆಟ್ಟಿತು. ಅದಕ್ಕೇ ಯಂತ್ರ ಹಲವು ಕಡೆ ಕತ್ತರಿಸಿ ನೋಡುತ್ತದೆ, ಪ್ರತಿ ತುಂಡನ್ನೂ ಓದುತ್ತದೆ, ಒಟ್ಟಾರೆ ಚೆನ್ನಾಗಿ ಹೊಂದುವ ಮೊತ್ತವನ್ನು ಆರಿಸುತ್ತದೆ.

ಅನುಮಾನ ಬಂದರೆ? ಚೆಕ್ ಮನುಷ್ಯರ ಕೈಗೆ. ಬ್ಯಾಂಕಿಗೆ ಗಿಟ್ಟಬೇಕಾದರೆ ನೂರರಲ್ಲಿ 50 ಸರಿಯಾಗಿ ಓದಿದರೆ ಸಾಕಿತ್ತು. 49 ಮನುಷ್ಯರ ಕೈಗೆ ಹೋಗಲಿ, ತಪ್ಪು ಮಾತ್ರ 1 ಮೀರಬಾರದು. ಜನರ ದುಡ್ಡಿನ ವಿಷಯದಲ್ಲಿ ಇದೇ ಸರಿಯಾದ ಅಳತೆ.

1998ರಲ್ಲಿ ಲೆಕುನ್ ತಂಡ ಇದರ ಬಗ್ಗೆ ಪ್ರಬಂಧ ಪ್ರಕಟಿಸುವ ಹೊತ್ತಿಗೆ ಈ ವ್ಯವಸ್ಥೆ ದಿನಕ್ಕೆ ಹತ್ತಾರು ಲಕ್ಷ ಚೆಕ್ ಓದುತ್ತಿತ್ತು.